ಆಗದ ಮಾತ್ರೆ

ನನ್ನ ಗಂಟಲು ಕೆಟ್ಟಿದ್ದು ತಿರುಪ್ಪೂರಿಗೆ ಬಂದು ಎಷ್ಟೋ ವರ್ಷ ಆದ ಮೇಲೆ. ಆಗ ನನಗೆ ಮೂವತ್ತು ದಾಟಿತ್ತು. ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಮೇಜಿಗೆ ಸೇರಿದವಳು ಸೂಪರ್‌ವೈಸರ್ ಆಗಿದ್ದೆ. ಸೂಪರ್‌ವೈಸರ್ ಅಂದರೆ ದಿನವಿಡೀ ಕೂಗುವ ಕೆಲಸ. ಓವರ್‌ಲಾಕ್, ಫ್ಲಾಟ್‌ಲಾಕ್ ಮಿಷನ್‌ಗಳು ಸಾಲಾಗಿ ಓಡುತ್ತಿರುವಾಗ ಮೆಲ್ಲಗೆ ಹೇಳಿದರೆ ಪಕ್ಕದವಳಿಗೂ ಕೇಳಿಸುವುದಿಲ್ಲ. ಇಲ್ಲಿ ಒಂದೂವರೆ ಶಿಫ್ಟ್ ವಾಡಿಕೆ. ಬೆಳಗ್ಗೆ ಎಂಟೂವರೆಗೆ ಒಳಗೆ ಹೋದರೆ ರಾತ್ರಿ ಎಂಟೂವರೆಗೆ ಹೊರಗೆ. ಶನಿವಾರ ಸಂಬಳ.

ನಾನು ಹುಟ್ಟಿದ್ದು ಕೊಳ್ಳೇಗಾಲದಲ್ಲಿ, ನೇಕಾರರ ಮನೆಯಲ್ಲಿ. ಮದುವೆ ಮಾಡಿ ಕೊಟ್ಟಿದ್ದು ಕೊಯಮತ್ತೂರು ಕಡೆಯ ಸಿರುಮುಗೈಗೆ. 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲ್ಲೂಕೇ ಆಗಿತ್ತು. ರಾಜ್ಯ ಬೇರೆಯಾದ ಮೇಲೂ ನಮ್ಮ ದೇವಾಂಗ ನೇಕಾರರಲ್ಲಿ ಹೆಣ್ಣು ಕೊಡುವುದು ತರುವುದು ನಿಲ್ಲಲಿಲ್ಲ. ಗಂಡನ ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡ. ಓದು ಬರಹ ಮಾತ್ರ ತಮಿಳು. ಕೈಮಗ್ಗದಲ್ಲಿ ಸಂಸಾರ ಸಾಗದೆ ನಾವಿಬ್ಬರೂ ತಿರುಪ್ಪೂರಿಗೆ ಬಂದು ಅನುಪ್ಪರ್‌ಪಾಳಯದಲ್ಲಿ ಬಾಡಿಗೆ ಮನೆ ಹಿಡಿದೆವು. ಆ ಮನೆಯಲ್ಲಿ ಕನ್ನಡ ಅಕ್ಷರ ಬರುವುದು ನನಗೊಬ್ಬಳಿಗೆ.

ಮೊದಮೊದಲು ಶೀತ ಆದಾಗ ಮಾತ್ರ ಗಂಟಲು ನೋಯುತ್ತಿತ್ತು. ಆಮೇಲೆ ಶೀತ ಇಲ್ಲದೆಯೂ ನೋಯತೊಡಗಿತು. ರಾತ್ರಿ ಮೂಗು ಕಟ್ಟುತ್ತಿತ್ತು. ಬಾಯಲ್ಲೇ ಉಸಿರಾಡಿ ಬೆಳಗ್ಗೆ ಏಳುವಾಗ ಗಂಟಲು ಒಣಗಿ ಅಂಟಿಕೊಂಡಿರುತ್ತಿತ್ತು. ಮೂಗಿನ ಹಿಂದಿನಿಂದ ಏನೋ ಇಳಿಯುತ್ತಲೇ ಇರುತ್ತಿತ್ತು. ಕ್ಯಾಕರಿಸಿದರೆ ಬಾರದು, ನುಂಗಿದರೆ ಹೋಗದು. ಫ್ಲೀಸ್ ಬಟ್ಟೆಯ ಆರ್ಡರ್ ಇದ್ದ ತಿಂಗಳು ಇನ್ನೂ ಕಷ್ಟ. ಹೊರದೇಶದ ಚಳಿಗಾಲಕ್ಕೆ ಹೊಲಿಯುವ ಬಟ್ಟೆ ಅದು. ಒಳಮೈ ಉಜ್ಜಿ ನವಿರು ಎಬ್ಬಿಸಿರುತ್ತಾರೆ. ಕತ್ತರಿಸುವಾಗಲೂ ಹೊಲಿಯುವಾಗಲೂ ಪಂಜು ಅನ್ನುವ ಹತ್ತಿಯ ನವಿರು ಹಾರುತ್ತದೆ. ಸಂಜೆಯ ಹೊತ್ತಿಗೆ ಎಲ್ಲರ ಹುಬ್ಬು, ರೆಪ್ಪೆ ಬೆಳ್ಳಗೆ.

ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಗಂಟಲು ಕೆರಳುತ್ತಿತ್ತು. ಕೆರಳಿದರೆ ಉಗುಳು ನುಂಗುವುದೂ ಕಷ್ಟ. ನೋವು ಕಿವಿಯವರೆಗೆ ಹೋಗುತ್ತಿತ್ತು. ದನಿ ಒಡೆದು ಹೋಗುತ್ತಿತ್ತು. ಆ ದಿನಗಳಲ್ಲಿ ಮಿಷನ್‌ನವರನ್ನು ಚಪ್ಪಾಳೆ ತಟ್ಟಿ ಕರೆಯುತ್ತಿದ್ದೆ.

ಡಾಕ್ಟರರು ಟಾರ್ಚ್ ಬಿಟ್ಟು ನೋಡಿದರು. ಗಂಟಲ ಹಿಂಗೋಡೆಯಲ್ಲಿ ಕೆಂಪು ಗುಳ್ಳೆ ಎದ್ದಿವೆ, ಹಳೆಯ ಉರಿಯೂತ ಅಂದರು. ಚೀಟಿಯಲ್ಲಿ ಕ್ರಾನಿಕ್ ಫ್ಯಾರಿಂಜೈಟಿಸ್ ಅಂತ ಬರೆದರು. ಉಪ್ಪುನೀರು ಮುಕ್ಕಳಿಸು, ಮಾಸ್ಕ್ ಹಾಕು, ಕೂಗಬೇಡ ಅಂದರು. ಸೂಪರ್‌ವೈಸರ್ ಕೆಲಸ ಅಂದೆ. ಅವರು ಮತ್ತೇನೂ ಹೇಳದೆ ಮಾತ್ರೆ ಬರೆದರು.

ಆ ಮಾತ್ರೆಗಳಲ್ಲಿ ಒಂದು ಯಾವಾಗಲೂ ನೋವು, ಊತ ಇಳಿಸುವುದು. ಒಮ್ಮೆ ಐಬುಪ್ರೊಫೆನ್. ಒಮ್ಮೆ ಡೈಕ್ಲೊಫೆನಾಕ್. ಹೆಚ್ಚಾಗಿ ಅಸೆಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್ ಕೂಡಿಸಿದ್ದು. ಆಗ ನನಗೆ ಈ ಹೆಸರು ಯಾವುದೂ ಗೊತ್ತಿರಲಿಲ್ಲ. ಅಗಲದ ಬಿಳಿ ಮಾತ್ರೆ, ಕಿತ್ತಳೆ ಮಾತ್ರೆ ಅಂತಲೇ ಕರೆಯುತ್ತಿದ್ದೆವು. ಅವು ಕೆಲಸ ಮಾಡುತ್ತಿದ್ದವು, ಅದನ್ನು ಮುಚ್ಚಿಟ್ಟು ಹೇಳಬಾರದು. ಊಟ ಮಾಡಿ ನುಂಗಿದರೆ ಒಂದು ಗಂಟೆಯಲ್ಲಿ ಗಂಟಲು ಸಡಿಲವಾಗುತ್ತಿತ್ತು. ನಿದ್ದೆ ಬರುತ್ತಿತ್ತು. ಮರುದಿನ ಕೆಲಸಕ್ಕೆ ಹೋಗುತ್ತಿದ್ದೆ. ಮಕ್ಕಳ ಶಾಲೆಯ ಫೀಸು ಕಟ್ಟಿದ್ದು ಆ ಮಾತ್ರೆಗಳ ಬಲದಿಂದಲೂ ಹೌದು.

ಈ ನಡುವೆ ಎರಡು ಸಂಗತಿ ನಡೆದವು. ಎರಡನ್ನೂ ಗಂಟಲಿನ ಜೊತೆ ಯಾರೂ ಸೇರಿಸಿ ನೋಡಲಿಲ್ಲ.

ಒಂದು, ವಾಸನೆ ಹೋಯಿತು. ಒಮ್ಮೆಗೇ ಅಲ್ಲ. ಮೊದಲು ಮಲ್ಲಿಗೆ ಹೂವಿನದು ಹೋಯಿತು. ಆಮೇಲೆ ಒಗ್ಗರಣೆಯದು. ಒಂದು ದಿನ ಒಲೆಯ ಮೇಲೆ ಸಾರು ಸೀದು ತಳ ಹಿಡಿಯುತ್ತಿದ್ದರೆ ನಾನು ಅಲ್ಲೇ ನಿಂತು ಸೊಪ್ಪು ಬಿಡಿಸುತ್ತಿದ್ದೆ. ಮಗಳು ಹೊರಗಿನಿಂದ ಓಡಿ ಬಂದು ಆರಿಸಿದಳು. ಅಂದಿನಿಂದ ಗ್ಯಾಸ್ ಹಚ್ಚುವ ಮೊದಲು ಅವಳನ್ನು ಕರೆದು ಮೂಸಿ ನೋಡು ಅನ್ನುತ್ತಿದ್ದೆ.

ಇನ್ನೊಂದು, ಉಬ್ಬಸ. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದ್ದು. ರಾತ್ರಿ ಎರಡು ಗಂಟೆಗೆ ಎದೆ ಬಿಗಿದು ಎದ್ದು ಕೂರುತ್ತಿದ್ದೆ. ಎದೆಯ ಡಾಕ್ಟರು ಹತ್ತಿ ಧೂಳಿನ ಅಲರ್ಜಿ ಅಂದರು. ಹತ್ತಿ ಊರಿನಲ್ಲಿ ಹಾಗೆ ಅನ್ನುವುದು ಸಹಜ. ಇನ್ಹೇಲರ್ ಕೊಟ್ಟರು. ಕಂಪನಿಯಲ್ಲಿ ಅದನ್ನು ಎಳೆದುಕೊಳ್ಳಲು ನಾಚಿಕೆಯಾಗಿ ಬಾತ್‌ರೂಮಿಗೆ ಹೋಗುತ್ತಿದ್ದೆ. ಗಂಟಲಿನವರು ಗಂಟಲು ನೋಡುತ್ತಿದ್ದರು. ಎದೆಯವರು ಎದೆ ನೋಡುತ್ತಿದ್ದರು. ವಾಸನೆ ಹೋಗಿದೆ ಅಂತ ನಾನೇ ಹೇಳಿದಾಗ ಕೊರೋನಾ ಬಂದಿತ್ತೇನೋ ಅಂದರು. ವಾಸನೆ ಹೋಗಿದ್ದು ಕೊರೋನಾಕ್ಕಿಂತ ಮುಂಚೆ.

2022ರ ಆಷಾಢದ ಗಾಳಿಯಲ್ಲಿ ಮೊದಲ ಸೂಚನೆ ಬಂತು. ಪಾಲಕ್ಕಾಡು ಕಣಿವೆಯಿಂದ ಬೀಸುವ ಆ ಗಾಳಿ ಕೊಯಮತ್ತೂರಿನವರಿಗೂ ತಿರುಪ್ಪೂರಿನವರಿಗೂ ಗೊತ್ತು. ಗಂಟಲು ಕೆರಳಿತ್ತು. ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಮೂಗು ನೀರಾಗಿ ಸುರಿಯಿತು. ಕಣ್ಣು ಕೆಂಪಾಯಿತು. ಮುಖ ಬಿಸಿಯಾಯಿತು. ಎರಡು ಗಂಟೆಯಲ್ಲಿ ತಾನಾಗಿ ಇಳಿಯಿತು. ಗಾಳಿಯಿಂದ ಅಂತ ಅತ್ತೆ ಹೇಳಿದರು. ಎಲ್ಲರೂ ಒಪ್ಪಿದೆವು.

ಅಕ್ಟೋಬರ್ 4 ಆಯುಧ ಪೂಜೆ. ಕಂಪನಿಯಲ್ಲಿ ಮಿಷನ್‌ಗಳಿಗೆ ಕುಂಕುಮ ಇಟ್ಟು, ಪುರಿ ಬೂಂದಿ ಹಂಚಿ ರಜೆ ಕೊಟ್ಟರು. ಮರುದಿನ ವಿಜಯದಶಮಿ. ಕೊಯಮತ್ತೂರಿನ ರಾಜವೀದಿಯಲ್ಲಿ ರಾಮಲಿಂಗ ಚೌಡೇಶ್ವರಿ ಗುಡಿ ಇದೆ. ಆ ದಿನ ನಮ್ಮವರ ವೀರಕುಮಾರರು ಮೆರವಣಿಗೆಯಲ್ಲಿ ಎದೆಗೆ, ತೋಳಿಗೆ ಕತ್ತಿ ಹಾಕಿಕೊಳ್ಳುತ್ತಾ ಅಮ್ಮನನ್ನು ಕರೆದು ತರುತ್ತಾರೆ. ಗಾಯಕ್ಕೆ ಅರಿಶಿನದ ಭಂಡಾರ ಹಚ್ಚುತ್ತಾರೆ. ಮೈದುನ ಕತ್ತಿ ಹಾಕುವವರಲ್ಲಿ ಒಬ್ಬ. ಬೀದಿ ತುಂಬ ಜನ, ತಮಟೆ, ಕರ್ಪೂರದ ಹೊಗೆ, ಭಂಡಾರದ ಪುಡಿ. ಎಲ್ಲರ ಜೊತೆ ನಾನೂ ಕೂಗಿದೆ. ಸಂಜೆ ಬಸ್ಸಿನಲ್ಲಿ ತಿರುಪ್ಪೂರಿಗೆ ಬರುವಾಗ ಅವಿನಾಶಿ ದಾಟುವಷ್ಟರಲ್ಲಿ ಗಂಟಲು ಊದಿಕೊಂಡಿತ್ತು.

ಮನೆಯಲ್ಲಿ ಗಂಜಿ ಕುಡಿದೆ. ಒಂಬತ್ತೂವರೆಗೆ ಮಾತ್ರೆ ನುಂಗಿದೆ. ಅದೇ ಬಿಳಿ ಮಾತ್ರೆ. ಮರುದಿನ ಬೇಗ ಹೋಗಬೇಕಿತ್ತು, ಮಲಗಿದೆ.

ಮೂಗು ಸುರಿಯುವುದರಿಂದ ಎಚ್ಚರವಾಯಿತು. ಹತ್ತೂವರೆ ಇರಬೇಕು. ಕಿವಿ, ಕುತ್ತಿಗೆ ಬೆಂಕಿಯಾಗಿದ್ದವು. ಎದ್ದು ಕೂತೆ. ಎದೆ ಬಿಗಿಯುತ್ತಿತ್ತು. ಇನ್ಹೇಲರ್ ಎಳೆದೆ. ಇನ್ನೊಮ್ಮೆ ಎಳೆದೆ. ಒಳಗೆ ಹೋಗಲಿಲ್ಲ. ಆಮೇಲೆ ಗಂಟಲಲ್ಲಿ ಏನೋ ಆಯಿತು. ನೋವಲ್ಲ. ನೋವು ನನಗೆ ಹಳೆಯದು, ಅದರ ಗುರುತು ಇತ್ತು. ಇದು ಮುಚ್ಚಿಕೊಳ್ಳುವುದು. ಉಸಿರು ಎಳೆದುಕೊಂಡಾಗ ಕುಯ್ ಅಂತ ಸದ್ದು ಬಂತು. ಯಜಮಾನರು ಎದ್ದು ದೀಪ ಹಾಕಿದರು.

"ಏನಾಯ್ತು? ನೀರು ಬೇಕಾ?"

ಬೇಡ ಅಂತ ಕೈ ಆಡಿಸಿದೆ. ದನಿ ಬರಲಿಲ್ಲ.

ಅವರು ಮನೆಯೊಡತಿಯನ್ನು ಕೂಗಿದರು. ಆಕೆ 108ಕ್ಕೆ ಫೋನ್ ಮಾಡಿದರು. ಗಾಡಿ ಬರುವವರೆಗೆ ನಾನು ಹೊಸ್ತಿಲ ಮೇಲೆ ಮಂಡಿಗೆ ಕೈ ಊರಿ ಮುಂದಕ್ಕೆ ಬಾಗಿ ಕೂತಿದ್ದೆ. ಹಾಗೆ ಕೂತರೆ ಮಾತ್ರ ಸ್ವಲ್ಪ ಗಾಳಿ ಹೋಗುತ್ತಿತ್ತು. ಮಲಗಿಸಲು ನೋಡಿದವರನ್ನು ತಳ್ಳಿದೆ. ಭಯ ಆಗಿತ್ತು. ಮಕ್ಕಳ ಮುಖ ನೋಡಿದರೆ ಹೆಚ್ಚಾಗುತ್ತಿತ್ತು. ಅದಕ್ಕೆ ನೆಲ ನೋಡುತ್ತಾ ಕೂತೆ. ಗಾಡಿಯಲ್ಲಿದ್ದ ಹುಡುಗ ಆಮ್ಲಜನಕದ ಮಾಸ್ಕ್ ಹಾಕಿ, "ಅಕ್ಕಾ, ಹೀಗೇ ಕೂತಿರಿ, ಮಲಗಬೇಡಿ" ಅಂದ. ದಾರಿಯುದ್ದಕ್ಕೂ ಅವನು ನನ್ನ ಬೆನ್ನಿಗೆ ತನ್ನ ಭುಜ ಒರಗಿಸಿ ಕೂತ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಏನಾಯಿತು ಅಂತ ಕೇಳಿದರು. ಗಂಟಲು ತೋರಿಸಿದೆ. ಯಜಮಾನರು, "ಗಂಟಲು ನೋವು ಅಂತ ಮಾತ್ರೆ ತಗೊಂಡ್ಲು, ಉಬ್ಬಸ ಇದೆ" ಅಂದರು. ಯಾವ ಮಾತ್ರೆ ಅಂದರೆ ಅವರಿಗೆ ಗೊತ್ತಿಲ್ಲ. ನೆಬುಲೈಸರ್ ಹಚ್ಚಿದರು. ನರ್ಸ್ ಒಬ್ಬರು ಒಂದು ಪೆನ್ನು, ಹಾಳೆ ಕೊಟ್ಟರು. ಮಾತ್ರೆಯ ಪಟ್ಟಿ ಮನೆಯಲ್ಲಿ, ಅಕ್ಕಿ ಡಬ್ಬದ ಮೇಲಿದೆ ಅಂತ ಬರೆದೆ. ಬರೆದಿದ್ದು ಕನ್ನಡದಲ್ಲಿ. ತಮಿಳು ನನಗೆ ಕೂಡಿಸಿ ಕೂಡಿಸಿ ಓದಲು ಬರುತ್ತದೆ, ಅವಸರದಲ್ಲಿ ಬರೆಯಲು ಬರುವುದಿಲ್ಲ. ನರ್ಸ್ ಹಾಳೆಯನ್ನು ಯಜಮಾನರ ಕೈಗೆ ಕೊಟ್ಟರು. ಅವರು ಹಾಳೆ ನೋಡಿದರು, ನನ್ನ ನೋಡಿದರು. ದಿನವೂ ಕನ್ನಡ ಆಡುವ ಮನುಷ್ಯ. ಒಂದು ಅಕ್ಷರವೂ ಅವರಿಗೆ ಓದಲು ಬರಲಿಲ್ಲ.

ನಾನು ಫೋನ್ ಹಿಡಿದ ಹಾಗೆ ಕೈಯನ್ನು ಕಿವಿಗೆ ಇಟ್ಟು ತೋರಿಸಿದೆ. ಅವರು ಮನೆಗೆ ಫೋನ್ ಮಾಡಿದರು. ಮಗಳು ಅಲ್ಲೇ ಪಟ್ಟಿ ಹುಡುಕಿ ತೆಗೆದಳು. ಹಿಂದೆ ಇಂಗ್ಲಿಷಿನಲ್ಲಿ ಬರೆದ ಸಣ್ಣ ಅಕ್ಷರವನ್ನು ಬಿಡಿಸಿ ಬಿಡಿಸಿ ಓದಿದಳು. ಅಸೆಕ್ಲೊಫೆನಾಕ್, 100. ಪ್ಯಾರಾಸಿಟಮಾಲ್, 325. ಡಾಕ್ಟರಮ್ಮ ಫೋನನ್ನು ತಾವೇ ಇಸಿದುಕೊಂಡು ಇನ್ನೊಮ್ಮೆ ಓದಿಸಿದರು. ಆಮೇಲೆ ನರ್ಸ್ ಕಡೆ ತಿರುಗಿ ಒಂದು ಇಂಜೆಕ್ಷನ್ ಬೇಡ ಅಂದರು. ಗಂಟಲು ನೋವು ಅಂತ ಅಲ್ಲಿ ತುಂಬಿಸಿಟ್ಟಿದ್ದದ್ದು ಡೈಕ್ಲೊಫೆನಾಕ್. ಅದೇ ಜಾತಿಯದು. ಇದು ನನಗೆ ಆಮೇಲೆ ತಿಳಿಯಿತು.

ತೊಡೆಗೆ ಆ್ಯಡ್ರಿನಲಿನ್ ಚುಚ್ಚಿದರು. ಎದೆ ಡವಗುಟ್ಟಿತು, ಕೈ ನಡುಗಿತು. ಕೈಯ ನರಕ್ಕೆ ಹೈಡ್ರೊಕಾರ್ಟಿಸೋನ್ ಕೊಟ್ಟರು. ಇಳಿಯದಿದ್ದರೆ ಗಂಟಲಿಗೆ ಕೊಳವೆ ಹಾಕಬೇಕಾಗುತ್ತದೆ, ಅದೂ ಹೋಗದಿದ್ದರೆ ಕುತ್ತಿಗೆಯಲ್ಲಿ ತೂತು ಮಾಡಬೇಕಾಗುತ್ತದೆ ಅಂತ ಯಜಮಾನರಿಗೆ ಹೇಳಿ ಸಹಿ ಹಾಕಿಸಿಕೊಂಡರು. ನನಗೆ ಕೇಳಿಸುವಷ್ಟು ಹತ್ತಿರದಲ್ಲೇ ಹೇಳಿದರು. ಪಕ್ಕದ ತಟ್ಟೆಯ ಮೇಲೆ ಹಸಿರು ಬಟ್ಟೆ ಮುಚ್ಚಿತ್ತು. ಅದರೊಳಗೆ ಏನಿದೆ ಅಂತ ಊಹೆಯಾಯಿತು. ಆ್ಯಡ್ರಿನಲಿನ್ ಇನ್ನೊಮ್ಮೆ ಕೊಟ್ಟರು. ಬಟ್ಟೆ ತೆಗೆಯುವ ಹೊತ್ತು ಬರಲಿಲ್ಲ. ಒಂದು ಗಂಟೆಯ ಮೇಲೆ ಕುಯ್ ಅನ್ನುವ ಸದ್ದು ಕಡಿಮೆಯಾಯಿತು. ಉಗುಳು ನುಂಗಿದೆ. ನೋವಾಯಿತು. ನೋವಾದದ್ದು ಸಮಾಧಾನ ಆಯಿತು.

ಕೊಳ್ಳೇಗಾಲಕ್ಕೆ ಫೋನ್ ಹೋಗಿತ್ತು. ಅವ್ವ, ತಮ್ಮ ಕಾರು ಮಾಡಿಕೊಂಡು ಹೊರಟಿದ್ದರು. 2022ರ ಫೆಬ್ರವರಿಯಿಂದ ದಾರಿಯ ದಿಂಬಂ ಘಾಟಿಯಲ್ಲಿ ರಾತ್ರಿ ಗಾಡಿ ಬಿಡುವುದಿಲ್ಲ. ಕಾಡುಪ್ರಾಣಿ ಸಾಯುತ್ತವೆ ಅಂತ ಕೋರ್ಟಿನ ಆಜ್ಞೆ. ಆಜ್ಞೆ ಸರಿಯಾದದ್ದೇ. ಅವ್ವ ಚೆಕ್‌ಪೋಸ್ಟಿನ ಹತ್ತಿರ ಬೆಳಗಿನ ಆರರವರೆಗೆ ಕಾರಿನಲ್ಲಿ ಕೂತಿದ್ದಳು. ಇಪ್ಪತ್ತೇಳು ತಿರುವು ಇಳಿದು, ಬಣ್ಣಾರಿ ದಾಟಿ, ಹತ್ತು ಗಂಟೆಯ ಹೊತ್ತಿಗೆ ಬಂದಳು. ಬಂದವಳು ಅಳಲಿಲ್ಲ. ಕಾಲು ಒತ್ತುತ್ತಾ ಕೂತಳು.

ಕಾಯಿಲೆಯ ಹೆಸರು ತಿಳಿದಿದ್ದು ಕೊಯಮತ್ತೂರಿನಲ್ಲಿ, ಮೂಗು ಗಂಟಲಿನ ಒಬ್ಬ ಹಿರಿಯ ಡಾಕ್ಟರರಿಂದ. ಅವರು ಟಾರ್ಚ್ ಹಿಡಿಯುವ ಮೊದಲು ಮೂರು ಪ್ರಶ್ನೆ ಕೇಳಿದರು. ವಾಸನೆ ಬರುತ್ತದೆಯಾ? ಉಬ್ಬಸ ಯಾವ ವಯಸ್ಸಿನಲ್ಲಿ ಶುರುವಾಯಿತು? ನೋವಿನ ಮಾತ್ರೆ ನುಂಗಿ ಎಷ್ಟು ಹೊತ್ತಿಗೆ ಹೀಗಾಯಿತು? ಆಮೇಲೆ ಮೂಗಿನೊಳಗೆ ಕ್ಯಾಮೆರಾ ಬಿಟ್ಟು ಪರದೆಯಲ್ಲಿ ತೋರಿಸಿದರು. ಸುಲಿದ ದ್ರಾಕ್ಷಿಯ ಹಾಗೆ ಮಂಕು ಬಿಳುಪಿನ ಗಡ್ಡೆಗಳು ಎರಡೂ ಕಡೆ ತುಂಬಿದ್ದವು. ಪಾಲಿಪ್ ಅಂದರು. ಅದರಿಂದಲೇ ಮೂಗು ಕಟ್ಟುವುದು, ವಾಸನೆ ಹೋಗುವುದು. ಹಿಂದಕ್ಕೆ ಇಳಿಯುವ ಸಿಂಬಳದಿಂದ, ಬಾಯಿ ಉಸಿರಿನಿಂದ ಗಂಟಲು ಕೆರಳುವುದು. ಧೂಳು, ಕೂಗು ಅದರ ಮೇಲೆ.

ಮೂಗಿನ ಪಾಲಿಪ್, ಆಸ್ತಮಾ, ಆಸ್ಪಿರಿನ್ ಜಾತಿಯ ಮಾತ್ರೆ ಆಗದಿರುವುದು, ಈ ಮೂರೂ ಒಟ್ಟಿಗೆ ಇರುವ ಕಾಯಿಲೆಯನ್ನು 1922ರಲ್ಲೇ ಪ್ಯಾರಿಸ್ಸಿನ ಫೆರ್ನಾಂಡ್ ವಿಡಾಲ್ ಅನ್ನುವ ವೈದ್ಯರು ಬರೆದಿಟ್ಟಿದ್ದರಂತೆ. 1968ರಲ್ಲಿ ಅಮೆರಿಕದ ಮ್ಯಾಕ್ಸ್ ಸ್ಯಾಮ್ಟರ್ ಮತ್ತೆ ವಿವರಿಸಿದ ಮೇಲೆ ಅವರ ಹೆಸರೇ ನಿಂತಿತು. ದೊಡ್ಡವರಾದ ಮೇಲೆ, ಮೂವತ್ತರ ಆಸುಪಾಸಿನಲ್ಲಿ ಶುರುವಾಗುವುದು ಹೆಚ್ಚು. ಅಷ್ಟು ವರ್ಷ ನುಂಗಿದಾಗ ಏನೂ ಆಗಲಿಲ್ಲವಲ್ಲ ಅಂತ ಕೇಳಿದೆ. ಈ ಕಾಯಿಲೆಯ ರೀತಿಯೇ ಹಾಗೆ ಅಂದರು. ಮೊದಲು ಒಗ್ಗುತ್ತದೆ, ಒಂದು ದಿನದಿಂದ ಒಗ್ಗುವುದಿಲ್ಲ.

ಅವರು ಚೀಟಿಯ ಹಿಂದೆ ಗೆರೆ ಎಳೆದು ತಿಳಿಸಿದರು. ನೋವು, ಊತ ತರುವ ಪ್ರೊಸ್ಟಗ್ಲ್ಯಾಂಡಿನ್ ಅನ್ನುವುದನ್ನು ಮೈ ತಾನೇ ಮಾಡಿಕೊಳ್ಳುತ್ತದೆ. ಈ ಮಾತ್ರೆಗಳು ಅದನ್ನು ತಡೆಯುತ್ತವೆ. 1971ರಲ್ಲಿ ಜಾನ್ ವೇನ್ ಅನ್ನುವ ವಿಜ್ಞಾನಿ ಇದನ್ನು ಕಂಡುಹಿಡಿದರು, 1982ರಲ್ಲಿ ನೊಬೆಲ್ ಬಂತು. ಆದರೆ ಪ್ರೊಸ್ಟಗ್ಲ್ಯಾಂಡಿನ್‌ಗಳಲ್ಲಿ ಒಂದರ ಕೆಲಸ ಕಾವಲಿನದು. ನನ್ನಂಥವರಲ್ಲಿ ಅದನ್ನು ತಡೆದರೆ ಲ್ಯೂಕೊಟ್ರೈಯೀನ್ ಅನ್ನುವ ಇನ್ನೊಂದು ರಸ ಹದ್ದು ಮೀರಿ ಬರುತ್ತದೆ. ಅದು ಉಸಿರಿನ ದಾರಿಯನ್ನು ಬಿಗಿಯುತ್ತದೆ, ಊದಿಸುತ್ತದೆ. ಊತಕ್ಕೆ ಕೊಟ್ಟ ಮದ್ದಿನಿಂದಲೇ ಊತ.

ಆಗದ ಮಾತ್ರೆಗಳ ಪಟ್ಟಿ ಬರೆದುಕೊಟ್ಟರು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನೆಪ್ರೊಕ್ಸೆನ್, ಮೆಫೆನಮಿಕ್ ಆ್ಯಸಿಡ್, ಕೀಟೊರೊಲ್ಯಾಕ್, ಪಿರಾಕ್ಸಿಕ್ಯಾಮ್. ಮಾತ್ರೆ, ಇಂಜೆಕ್ಷನ್, ಯಾವ ರೂಪದಲ್ಲೂ ಕೂಡದು. ಮೈಗೆ ಹಚ್ಚುವ ನೋವಿನ ಮುಲಾಮೂ ಬೇಡ. ಪ್ಯಾರಾಸಿಟಮಾಲ್ 500ರವರೆಗೆ ಸಾಮಾನ್ಯವಾಗಿ ಆಗುತ್ತದೆ, ಅದನ್ನು ಮೀರಬಾರದು. ನಮ್ಮ ಅಂಗಡಿಗಳಲ್ಲಿ ಕೇಳದೆಯೇ ಕೊಡುವುದು 650ರದ್ದು. ಪಟ್ಟಿಯನ್ನು ಮಗಳು ಇಂಗ್ಲಿಷಿನಲ್ಲಿಯೂ ತಮಿಳಿನಲ್ಲಿಯೂ ಬರೆದಳು. ಕೆಳಗೆ ನಾನು ಕನ್ನಡದಲ್ಲಿ ಬರೆದೆ. ಲ್ಯಾಮಿನೇಷನ್ ಮಾಡಿಸಿ ಕಂಪನಿಯ ಗುರುತಿನ ಚೀಟಿಯ ಹಿಂದೆ ಹಾಕಿಕೊಂಡೆ.

ಮೂಗಿನ ಆಪರೇಷನ್ ಆಯಿತು. ಸರ ಅಡ ಇಟ್ಟೆವು. ಆಪರೇಷನ್ ದೊಡ್ಡ ಕಷ್ಟ ಕೊಡಲಿಲ್ಲ. ಮೂಗಿನಲ್ಲಿ ತುಂಬಿದ ಬತ್ತಿ ತೆಗೆಯುವಾಗ ಮಾತ್ರ ಕಣ್ಣಲ್ಲಿ ನೀರು ಬಂತು. ಕೆಲವು ದಿನಕ್ಕೆ ವಾಸನೆ ಮರಳಿತು. ಮೊದಲು ಬಂದದ್ದು ಫಿನಾಯಿಲ್. ಆಮೇಲೆ ಯಜಮಾನರ ಅಂಗಿಯ ಮಿಷನ್ ಎಣ್ಣೆ. ಆಮೇಲೆ ಕಾಫಿ. ಮಗಳ ತಲೆ ಮೂಸಿ ನೋಡಿದೆ, ಸೀಗೆಪುಡಿ. ಅವಳು ನಕ್ಕಳು. ಒಂದು ವರ್ಷ ಚೆನ್ನಾಗಿ ಇತ್ತು. ಈಗ ಮತ್ತೆ ಮಂಕಾಗಿದೆ. ಪಾಲಿಪ್ ಮತ್ತೆ ಬೆಳೆಯುತ್ತವೆ ಅಂತ ಮೊದಲೇ ಹೇಳಿದ್ದರು.

ಗಂಟಲು ಪೂರಾ ವಾಸಿಯಾಗಲಿಲ್ಲ. ಕೆರಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಆದರೆ ಈಗ ಬಿಳಿ ಮಾತ್ರೆ ಇಲ್ಲ. ಆ ಮಾತ್ರೆ ಎಷ್ಟು ನೋವು ಹೊತ್ತಿತ್ತು ಅಂತ ಆಗ ತಿಳಿಯಿತು. ಪ್ಯಾರಾಸಿಟಮಾಲ್ 500 ಸ್ವಲ್ಪ ಇಳಿಸುತ್ತದೆ, ಊತಕ್ಕೆ ಏನೂ ಮಾಡುವುದಿಲ್ಲ. ಬಿಸಿ ಉಪ್ಪುನೀರು ಮುಕ್ಕಳಿಸುವುದು, ಮೂಗನ್ನು ಉಪ್ಪುನೀರಿನಲ್ಲಿ ತೊಳೆಯುವುದು, ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ, ರಾತ್ರಿ ಮಾಂಟೆಲುಕಾಸ್ಟ್. ಇವು ದಿನದ ಕೆಲಸಗಳಾದವು. ಕೆರಳಿದ ರಾತ್ರಿ ಗೋಡೆಗೆ ಒರಗಿ ಕೂತು ಬೆಳಗು ಮಾಡುತ್ತಿದ್ದೆ. ಉಗುಳು ನುಂಗುವುದು ತಪ್ಪಿಸಲು ಪಕ್ಕದಲ್ಲಿ ಲೋಟ ಇಟ್ಟುಕೊಂಡು ಅದರಲ್ಲಿ ಉಗಿಯುತ್ತಿದ್ದೆ. ಮಕ್ಕಳು ಮಲಗಿದ ಮೇಲೆ.

ತೀರಾ ಹೆಚ್ಚಾದಾಗ ಪ್ರೆಡ್ನಿಸೊಲೋನ್ ಕೊಟ್ಟರು. ಊತ ಇಳಿಸುವುದರಲ್ಲಿ ಅದು ಬಲು ಗಟ್ಟಿ. ಎರಡನೆಯ ದಿನಕ್ಕೇ ಗಂಟಲು ತೆರೆಯುತ್ತಿತ್ತು, ಮೂಗು ಬಿಡುತ್ತಿತ್ತು, ವಾಸನೆ ಕೂಡ ಬರುತ್ತಿತ್ತು. ಜೊತೆಗೆ ನಿದ್ದೆ ಹೋಗುತ್ತಿತ್ತು. ಹಸಿವು ತಡೆಯಲಾಗುತ್ತಿರಲಿಲ್ಲ. ಮುಖ ಉಬ್ಬಿತು. ಸಕ್ಕರೆ ಏರಿತು. ಸುಮ್ಮಸುಮ್ಮನೆ ಮಕ್ಕಳ ಮೇಲೆ ರೇಗುತ್ತಿದ್ದೆ. ಇದನ್ನು ಪದೇ ಪದೇ ಕೊಡಲಾಗದು, ಮೂಳೆ ತಿನ್ನುತ್ತದೆ ಅಂದರು ಡಾಕ್ಟರು.

ಸೂಪರ್‌ವೈಸರ್ ಕೆಲಸ ಬಿಟ್ಟೆ. ಅದೇ ಕಂಪನಿಯಲ್ಲಿ ಬಟನ್, ಲೇಬಲ್, ನೂಲು ಇಡುವ ಸ್ಟೋರ್‌ನಲ್ಲಿ ಕೂರಿಸಿದರು. ಸಂಬಳ ಕಡಿಮೆ. ಕೂಗು ಇಲ್ಲ, ಪಂಜು ಇಲ್ಲ.

ಮೆಡಿಕಲ್ ಅಂಗಡಿಯದ್ದು ಬೇರೆ ಕಥೆ. ಅಂಗಡಿಯ ತಮ್ಮ ಒಳ್ಳೆಯವನು. ಆದರೂ ಒಂದು ಸಲ ಜ್ವರ ಬಂದಾಗ, "ಅಕ್ಕಾ, ಇದು ಬರೀ ಜ್ವರದ ಮಾತ್ರೆ" ಅಂತ ಪಟ್ಟಿಯ ತುದಿ ಕತ್ತರಿಸಿ ಎರಡು ಕೊಟ್ಟ. ಕತ್ತರಿಸಿದ ತುಂಡಿನಲ್ಲಿ ಹೆಸರು ಅರ್ಧ ಇತ್ತು. ಪೂರ್ತಿ ಪಟ್ಟಿ ತೋರಿಸು ಅಂದೆ. ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇತ್ತು. ಅವನ ಮುಖ ಸಣ್ಣಗಾಯಿತು. ಆ ಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದು ಕಂಪನಿ ಇಟ್ಟ ಹೆಸರು. ಒಳಗಿದ್ದ ಮದ್ದಿನ ಹೆಸರು ಅದರ ಕೆಳಗೆ, ಇರುವೆ ಸಾಲಿನಷ್ಟು ಸಣ್ಣದು. ಒಂದೇ ಮದ್ದಿಗೆ ಲೆಕ್ಕವಿಲ್ಲದಷ್ಟು ಹೆಸರು. ಮಗಳು ಫೋನಿನಲ್ಲಿ ಫೋಟೋ ಹಿಡಿದು ದೊಡ್ಡದು ಮಾಡಿ ಓದುತ್ತಾಳೆ. ಅತ್ತೆಯ ಮಂಡಿನೋವಿನ ಮಾತ್ರೆಗಳನ್ನು ಬೇರೆ ಡಬ್ಬಿಯಲ್ಲಿಟ್ಟು ಮೇಲಿನ ಅಟ್ಟಕ್ಕೆ ಹಾಕಿದ್ದೇವೆ.

ಕೊಳ್ಳೇಗಾಲಕ್ಕೆ ಹೋಗುವಾಗ ಒಮ್ಮೆ ದಿಂಬಂ ಹತ್ತುವ ಬಸ್ಸಿನಲ್ಲಿ ಪಕ್ಕ ಕೂತ ಹುಡುಗ ನನ್ನ ಪಟ್ಟಿ ನೋಡಿ, ಡೈಕ್ಲೊಫೆನಾಕ್ ಅಂತ ಓದಿ, "ಇದು ರಣಹದ್ದು ಕೊಂದ ಮದ್ದು" ಅಂದ. ಕಾಡಿನ ಕೆಲಸಕ್ಕೆ ಹೋಗುವವನು. ದನಗಳಿಗೆ ಈ ಮದ್ದು ಕೊಡುತ್ತಿದ್ದರಂತೆ. ಸತ್ತ ದನ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಲಕ್ಷಗಟ್ಟಲೆ ಸತ್ತವು. 2006ರಲ್ಲಿ ದನಗಳಿಗೆ ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಮನುಷ್ಯರ ದೊಡ್ಡ ಬಾಟಲಿಯನ್ನು ದನಕ್ಕೆ ಬಳಸುತ್ತಾರೆ ಅಂತ 2015ರಲ್ಲಿ ಇಂಜೆಕ್ಷನ್ ಬಾಟಲಿಯನ್ನು 3 ಮಿಲಿಗೆ ಇಳಿಸಿತು. 2023ರಲ್ಲಿ ದನಗಳಿಗೆ ಅಸೆಕ್ಲೊಫೆನಾಕ್ ಕೂಡ ಕೂಡದು ಅಂದಿತು. ಉಳಿದ ಹದ್ದುಗಳಲ್ಲಿ ಕೆಲವು ಕೆಳಗಿನ ಮೊಯಾರ್ ಕಣಿವೆಯಲ್ಲಿವೆ ಅಂತ ಕಿಟಕಿಯಿಂದ ತೋರಿಸಿದ. ಆ ದಿನ ಒಂದೂ ಕಾಣಲಿಲ್ಲ. ನನ್ನದಕ್ಕೂ ಅದಕ್ಕೂ ಸಂಬಂಧ ಇಲ್ಲ, ಅವುಗಳಿಗೆ ಆದದ್ದು ಬೇರೆ. ಆದರೂ ಬೇರೆ ಯಾರಿಗೋ ಕೂಡ ಆಗದ ಮದ್ದು ಅಂತ ಕೇಳಿ ಏನೋ ಒಂದು ಅನಿಸಿತು.

ಡಾಕ್ಟರು ಕೊನೆಗೆ ಎಟೋರಿಕಾಕ್ಸಿಬ್ ನೋಡೋಣ ಅಂದರು. ಅದೂ ಊತ ಇಳಿಸುವ ಮಾತ್ರೆ, ಆದರೆ ದಾರಿ ಬೇರೆ. ನನ್ನಂಥವರಲ್ಲಿ ಹೆಚ್ಚಿನವರಿಗೆ ಆಗುತ್ತದೆ. ಆಗುತ್ತದೋ ಇಲ್ಲವೋ ಅಂತ ಮನೆಯಲ್ಲಿ ನೋಡುವ ಹಾಗಿಲ್ಲ, ಆಸ್ಪತ್ರೆಯಲ್ಲೇ ಕೂತು ನುಂಗಬೇಕು.

ಬೆಳಗ್ಗೆ ಹೋದೆವು. ಕೈಗೆ ಸೂಜಿ ಹಾಕಿಟ್ಟರು. ಪಕ್ಕದ ಮೇಜಿನ ಮೇಲೆ ಆ್ಯಡ್ರಿನಲಿನ್ ತುಂಬಿಟ್ಟರು. ಒಂದು ಕೊಳವೆ ಕೊಟ್ಟು ಊದಿಸಿ ಉಸಿರಿನ ಬಲ ಬರೆದುಕೊಂಡರು. ಮಾತ್ರೆಯ ಸಣ್ಣ ಚೂರೊಂದನ್ನು ಮುಚ್ಚಳದಲ್ಲಿಟ್ಟು ಕೊಟ್ಟರು. ನಾನು ಅದನ್ನು ಹಿಡಿದುಕೊಂಡು ಕೂತೆ. ಬಾಯಿಗೆ ಹಾಕಲು ಆಗಲಿಲ್ಲ. ನರ್ಸ್ ಅವಸರ ಮಾಡಲಿಲ್ಲ. "ನಿಧಾನ ಅಕ್ಕಾ, ನಾನು ಇಲ್ಲೇ ಇದ್ದೀನಿ" ಅಂದು ಎದುರು ಕುರ್ಚಿ ಎಳೆದು ಕೂತರು. ಎಷ್ಟೋ ಹೊತ್ತಾದ ಮೇಲೆ ನುಂಗಿದೆ. ಆಮೇಲೆ ಪ್ರತಿ ಸೀನೂ, ಪ್ರತಿ ಕೆಮ್ಮೂ ಅದೇ ಅನ್ನಿಸಿತು. ಗಡಿಯಾರ ನೋಡಬೇಡ ಅಂದರು ಯಜಮಾನರು. ಅವರೇ ನೋಡುತ್ತಿದ್ದರು. ಮತ್ತೆ ಊದಿಸಿದರು. ಬಲ ಇಳಿದಿರಲಿಲ್ಲ. ಸ್ವಲ್ಪ ದೊಡ್ಡ ಚೂರು ಕೊಟ್ಟರು. ಮಧ್ಯಾಹ್ನದ ಮೇಲೆ ಉಳಿದದ್ದು. ಸಂಜೆಯವರೆಗೆ ಅಲ್ಲೇ ಇರಿಸಿಕೊಂಡರು. ಏನೂ ಆಗಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇಬ್ಬರೂ ಪೊಂಗಲ್ ತಿಂದೆವು. ಬೆಳಗ್ಗೆಯಿಂದ ಅವರೂ ತಿಂದಿರಲಿಲ್ಲ.

ಈ ಸಲ ಆಷಾಢದಲ್ಲಿ ಗಂಟಲು ಮತ್ತೆ ಕೆರಳಿತು. ಮೊದಲು ಪ್ಯಾರಾಸಿಟಮಾಲ್, ತಡೆಯದಿದ್ದರೆ ಎಟೋರಿಕಾಕ್ಸಿಬ್ ಒಂದು, ಮೂರು ದಿನಕ್ಕಿಂತ ಹೆಚ್ಚಿಲ್ಲ, ರಕ್ತದೊತ್ತಡ ನೋಡಿಸಿಕೊಳ್ಳಬೇಕು. ಹಾಗಂತ ಬರೆದುಕೊಟ್ಟಿದ್ದಾರೆ, ಹಾಗೇ ಮಾಡಿದೆ. ನುಂಗಿದ ಮೇಲೆ ಈಗಲೂ ಬೇಗ ಮಲಗುವುದಿಲ್ಲ. ಯಜಮಾನರು ಬೈಕಿನ ಕೀಲಿ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಟಿವಿ ನೋಡುತ್ತಾರೆ. ನೋವು ಬಿಳಿ ಮಾತ್ರೆಯಲ್ಲಿ ಇಳಿಯುತ್ತಿದ್ದಷ್ಟು ಬೇಗ ಇಳಿಯುವುದಿಲ್ಲ, ಇಳಿಯುತ್ತದೆ. ಆಸ್ಪಿರಿನ್ ಅನ್ನೇ ಚೂರು ಚೂರು ಕೊಟ್ಟು ಮೈಗೆ ಒಗ್ಗಿಸುವ ವಿಧಾನ ದೊಡ್ಡ ಆಸ್ಪತ್ರೆಗಳಲ್ಲಿ ಇದೆಯಂತೆ. ಪಾಲಿಪ್ ಕರಗಿಸುವ ಹೊಸ ಇಂಜೆಕ್ಷನ್‌ಗಳೂ ಇವೆ, ಅವು ನಮ್ಮ ಕೈಗೆ ಎಟಕುವ ಬೆಲೆಯಲ್ಲಿಲ್ಲ. ಒಗ್ಗಿಸುವುದಕ್ಕೆ ನಾನು ಇನ್ನೂ ಹೂಂ ಅಂದಿಲ್ಲ. ಮೊದಲು ಮೂಗಿನ ಸ್ಕ್ಯಾನ್ ಆಗಬೇಕು ಅಂದಿದ್ದಾರೆ. ಸ್ಕ್ಯಾನ್ ದೀಪಾವಳಿ ಬೋನಸ್ ಬಂದ ಮೇಲೆ.